ಹಿಮದ ನಾಡಿನಲ್ಲಿ ಸಾರಜನಕದ ಮರುಪಯಣ

ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟಿರುವ ಅನಿಲವೊಂದಕ್ಕೆ ಹೆಸರಿಡುವಾಗ ಒಂದೊಂದು ಭಾಷೆಯೂ ಒಂದೊಂದು ಕಡೆ ನಿಂತು ಅದನ್ನು ನೋಡಿದೆ. ಫ್ರೆಂಚ್ ರಸಾಯನಜ್ಞ ಲವಾಸಿಯೇ ಅದನ್ನು ‘ಅಜೋತ್’ ಎಂದು ಕರೆದ. ಗ್ರೀಕ್ ಮೂಲದ ಆ ಮಾತಿಗೆ ಜೀವವಿಲ್ಲದ್ದು ಎಂದರ್ಥ. ಅದರೊಳಗಿಟ್ಟ ಇಲಿ ಸಾಯುತ್ತದೆ, ದೀಪ ಆರುತ್ತದೆ. ಜರ್ಮನರು ಇನ್ನೂ ಒರಟಾಗಿ ‘ಉಸಿರು ಕಟ್ಟಿಸುವ ವಸ್ತು’ ಎಂದೇ ಹೆಸರಿಟ್ಟರು. ಇಂಗ್ಲಿಷಿನಲ್ಲಿ ನೆಲೆನಿಂತ ನೈಟ್ರೋಜನ್ ಎಂಬ ಹೆಸರಿಗೆ ಪೆಟ್ಲುಪ್ಪನ್ನು ಹುಟ್ಟಿಸುವುದು ಎಂಬ ಅರ್ಥ. ನಮ್ಮಲ್ಲಿ ಮೊದಮೊದಲು ಕನ್ನಡದಲ್ಲಿ ವಿಜ್ಞಾನವನ್ನು ಬರೆದ ಹಿರಿಯರು ಇವೆಲ್ಲವನ್ನೂ ಬಿಟ್ಟು, ಬೆಳೆಗೂ ದೇಹಕ್ಕೂ ಸಾರವನ್ನು ಕೊಡುವುದು ಇದೇ ಅಲ್ಲವೆ ಎಂದು ‘ಸಾರಜನಕ’ ಎಂದರು. ರೈತನ ಕಣ್ಣಿನಿಂದ ನೋಡಿ ಇಟ್ಟ ಹೆಸರು ಅದು.

ಈ ನಾಲ್ಕು ಹೆಸರುಗಳೂ ಸತ್ಯವೇ. ಆದರೆ ಒಂದೇ ವಸ್ತು ಒಂದೇ ದಿನದಲ್ಲಿ ನಾಲ್ಕು ಹೆಸರಿಗೂ ತಕ್ಕಂತೆ ನಡೆದುಕೊಳ್ಳುವುದನ್ನು ಕಾಣಬೇಕಾದರೆ ನಗರಗಳ ರೊಚ್ಚು ನೀರನ್ನು ಶುದ್ಧಗೊಳಿಸುವ ಸ್ಥಾವರಗಳ ಕಡೆಗೆ ನೋಡಬೇಕು. ಅದರಲ್ಲಿಯೂ ಚಳಿಗಾಲವೆಂಬುದು ವರ್ಷದ ಅರ್ಧವನ್ನು ನುಂಗುವ ಫಿನ್ಲೆಂಡ್, ನಾರ್ವೆಗಳಂಥ ನಾಡುಗಳ ಸ್ಥಾವರಗಳ ಕಡೆಗೆ. ಅಲ್ಲಿ ಮನುಷ್ಯರು ಹೆಚ್ಚಾದ ಸಾರವನ್ನು ತಿರುಗಿ ಗಾಳಿಗೆ ಸೇರಿಸಲು ಹೆಣಗುತ್ತಿದ್ದಾರೆ. ಆ ಕೆಲಸವನ್ನು ಮಾಡುವವರು ಮನುಷ್ಯರಲ್ಲ, ಕಣ್ಣಿಗೆ ಕಾಣದ ಜೀವಾಣುಗಳು. ಆ ಜೀವಾಣುಗಳಿಗೋ ಚಳಿಯೆಂದರೆ ಆಗದು.

ಭಾನುವಾರದ ಸಾಹಿತ್ಯ ಪುಟದಲ್ಲಿ ಚರಂಡಿಯ ಮಾತೇಕೆ ಎಂದು ಮೂಗು ಮುರಿಯುವ ಓದುಗರು ಇದ್ದಾರು. ಬೀಭತ್ಸವನ್ನೂ ರಸಗಳ ಸಾಲಿನಲ್ಲಿ ಕೂಡಿಸಿದ ಆಲಂಕಾರಿಕರ ನೆರಳಿನಲ್ಲಿ ನಾನು ಧೈರ್ಯವಾಗಿ ನಿಂತುಕೊಳ್ಳುತ್ತೇನೆ. ನಿಜವಾಗಿ ಹೇಳುವುದಾದರೆ, ನನ್ನನ್ನು ಈ ವಿಷಯಕ್ಕೆ ಎಳೆದುತಂದದ್ದು ಒಂದು ಪದ. ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಮಿತ್ರರು ಪಾಠವೊಂದನ್ನು ಕನ್ನಡದಲ್ಲಿ ಬರೆಯುತ್ತ, ಸಾರಜನಕವನ್ನು ನೈಟ್ರೇಟಾಗಿ ಮಾಡುವುದು ನೈಟ್ರೀಕರಣವಾದರೆ ಆ ನೈಟ್ರೇಟನ್ನು ಬಿಡಿಸಿ ಗಾಳಿಗೆ ಸೇರಿಸುವುದನ್ನು ಏನೆನ್ನೋಣ ಎಂದು ಕೇಳಿದರು. ‘ವಿನೈಟ್ರೀಕರಣ’ ಎಂದು ಅನೇಕರು ಬರೆಯುತ್ತಾರೆ. ‘ವಿ’ ಎಂಬ ಉಪಸರ್ಗ ಎರಡು ನಾಲಗೆಯದು. ವಿಯೋಗದಲ್ಲಿ ಕಳೆಯುತ್ತದೆ, ವಿಜಯದಲ್ಲಿ ಕೂಡಿಸುತ್ತದೆ. ‘ಅಪ’ ಎಂದರೆ ಏನೋ ಅಪರಾಧ ನಡೆದಂತೆ ಕೇಳುತ್ತದೆ. ಬೇರೆ ಒಳ್ಳೆಯ ಪದ ಸಿಕ್ಕುವವರೆಗೆ ವಿನೈಟ್ರೀಕರಣವೇ ಇರಲಿ ಎಂದು ಒಪ್ಪಿಕೊಂಡೆವು. ಆದರೆ ಪದವನ್ನು ಒಪ್ಪಿದ ಮೇಲೆ ಅದರ ಹಿಂದಿನ ಪದಾರ್ಥವನ್ನು ತಿಳಿಯದೆ ಬಿಡುವುದು ಭಾಷೆಯ ಮೇಷ್ಟರಿಗೆ ಶೋಭಿಸದು.

ಮೊದಲು ಕೊಟ್ಟಿಗೆಯ ಮಾತು. ಹಳೆಯ ಮಣ್ಣಿನ ಕೊಟ್ಟಿಗೆಗಳನ್ನು ಕಂಡವರಿಗೆ ಗೋಡೆಯ ಬುಡದಲ್ಲಿ ಬೂದಿ ಚೆಲ್ಲಿದಂತೆ ಮೂಡುವ ಬಿಳಿಯ ಉಪ್ಪು ನೆನಪಿರುತ್ತದೆ. ದನಗಳ ಗಂಜಲ ಮಣ್ಣಿಗೆ ಇಂಗುತ್ತದೆ, ಅದರೊಳಗಿನ ಅಮೋನಿಯಾ ಕೆಲವು ವಾರಗಳಲ್ಲಿ ನೈಟ್ರೇಟಾಗಿ ಗೋಡೆಯಲ್ಲಿ ಹೂಬಿಡುತ್ತದೆ. ಇಂಥ ಮಣ್ಣನ್ನು ನೆನೆಹಾಕಿ, ಬಸಿದು, ಕಾಯಿಸಿ ಪೆಟ್ಲುಪ್ಪು ತೆಗೆಯುವ ಕಸುಬು ಹಿಂದೆ ನಮ್ಮ ದೇಶದಲ್ಲಿ ಹಲವು ಕಡೆ ಇತ್ತು. ಮದ್ದುಗುಂಡಿಗೂ ಜಾತ್ರೆಯ ಬಾಣಬಿರುಸಿಗೂ ಅದು ಬೇಕು. ನಮ್ಮ ಬಿಸಿಲಿನಲ್ಲಿ ಮಣ್ಣು ಈ ಕೆಲಸವನ್ನು ಯಾರೂ ಹೇಳದೆ ಮಾಡಿಕೊಡುತ್ತಿತ್ತು. ಯಾರು ಮಾಡಿದರೆಂದು ಮಾತ್ರ ಯಾರಿಗೂ ತಿಳಿದಿರಲಿಲ್ಲ. ಬಹುಕಾಲ ವಿದ್ವಾಂಸರು ಅದೊಂದು ಶುದ್ಧ ರಾಸಾಯನಿಕ ಕ್ರಿಯೆ ಎಂದೇ ನಂಬಿದ್ದರು.

1877ರಲ್ಲಿ ಷ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬ ಇಬ್ಬರು ಫ್ರೆಂಚರು ಈ ನಂಬಿಕೆಯನ್ನು ಮುರಿದರು. ಅವರು ಕೈಗೆತ್ತಿಕೊಂಡದ್ದೂ ರೊಚ್ಚು ನೀರನ್ನೇ. ಒಂದು ಮೀಟರು ಉದ್ದದ ಕೊಳವೆಯಲ್ಲಿ ಸುಟ್ಟ ಮರಳನ್ನೂ ಸುಣ್ಣಕಲ್ಲಿನ ಪುಡಿಯನ್ನೂ ತುಂಬಿ, ಮೇಲಿನಿಂದ ಮೆಲ್ಲಮೆಲ್ಲನೆ ರೊಚ್ಚನ್ನು ಇಳಿಯಬಿಟ್ಟರು. ಇಪ್ಪತ್ತು ದಿನ ಏನೂ ಆಗಲಿಲ್ಲ. ಹೋದ ಅಮೋನಿಯಾ ಹಾಗೆಯೇ ಹೊರಗೆ ಬರುತ್ತಿತ್ತು. ಆಮೇಲೆ ನೈಟ್ರೇಟು ತೋರಿತು, ದಿನದಿಂದ ದಿನಕ್ಕೆ ಹೆಚ್ಚಿತು. ಕೇವಲ ರಾಸಾಯನಿಕ ಕ್ರಿಯೆಯಾಗಿದ್ದರೆ ಮೊದಲ ದಿನವೇ ಏಕೆ ಆಗಬಾರದು? ಕೊಳವೆಯೊಳಗೆ ಕ್ಲೋರೋಫಾರ್ಮಿನ ಆವಿಯನ್ನು ಬಿಟ್ಟರು; ನೈಟ್ರೇಟು ನಿಂತುಹೋಯಿತು. ತೋಟದ ಮಣ್ಣನ್ನು ತೊಳೆದ ನೀರನ್ನು ಸ್ವಲ್ಪ ಸೇರಿಸಿದರು. ಕೆಲವು ದಿನಗಳಲ್ಲಿ ಮತ್ತೆ ಮೊದಲಾಯಿತು. ಮರಳಿನಲ್ಲಿ ಬೀಡುಬಿಟ್ಟು ದುಡಿಯುವ ಜೀವ ಯಾವುದೋ ಇದೆ ಎಂಬುದು ಇದರಿಂದ ನಿಶ್ಚಯವಾಯಿತು. ಆ ಇಪ್ಪತ್ತು ದಿನದ ಕಾಯುವಿಕೆಯನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಕಥೆಯೆಲ್ಲ ಅದರದೇ.

ಆ ಜೀವವನ್ನು ಬೇರ್ಪಡಿಸಿದವನು ಕೀವ್ ನಗರದಲ್ಲಿ ಹುಟ್ಟಿದ ಸೆರ್ಗೇಯ್ ವಿನೊಗ್ರಾಡ್ಸ್ಕಿ. ಜೂರಿಚ್‌ನಲ್ಲಿ ಕೆಲಸಮಾಡುತ್ತ 1890ರಲ್ಲಿ ಅದನ್ನು ಪ್ರಕಟಿಸಿದ. ಅವನಿಗಿಂತ ಮುಂಚೆ ಪ್ರಯತ್ನಿಸಿದವರೆಲ್ಲ ಜೀವಾಣುಗಳಿಗೆ ಮಾಮೂಲಿನಂತೆ ಮಾಂಸದ ಸಾರು, ಜೆಲಾಟಿನ್ ಇತ್ಯಾದಿ ಮೃಷ್ಟಾನ್ನವನ್ನು ಬಡಿಸಿ ಸೋತಿದ್ದರು. ವಿನೊಗ್ರಾಡ್ಸ್ಕಿ ಊಟವನ್ನೇ ತೆಗೆದುಬಿಟ್ಟ. ಬರಿಯ ಲವಣ, ಅಮೋನಿಯಾ, ನೀರು. ಅಷ್ಟರಲ್ಲಿ ಅವು ಬೆಳೆದವು. ದೇಹ ಕಟ್ಟಿಕೊಳ್ಳಲು ಬೇಕಾದ ಇಂಗಾಲವನ್ನು ಅವು ಗಾಳಿಯ ಇಂಗಾಲಾಮ್ಲದಿಂದಲೇ ತೆಗೆದುಕೊಳ್ಳುತ್ತವೆ. ಶಕ್ತಿಯನ್ನು ಅಮೋನಿಯಾವನ್ನು ಸುಡುವುದರಿಂದ ಪಡೆಯುತ್ತವೆ. ನಮ್ಮ ಪುರಾಣಗಳಲ್ಲಿ ಗಾಳಿಯನ್ನುಂಡು ತಪಸ್ಸು ಮಾಡುವ ವಾಯುಭಕ್ಷರು ಬರುತ್ತಾರಲ್ಲವೆ, ಇವು ಆ ಗೋತ್ರದವು. ತಪಸ್ವಿಗಳಾದ ಕಾರಣ ಇವಕ್ಕೆ ಸಂತಾನವೂ ಕಡಿಮೆ. ರೊಚ್ಚಿನಲ್ಲಿಯ ಎಂಜಲನ್ನುಂಡು ಕೊಬ್ಬುವ ಇತರ ಜೀವಾಣುಗಳು ಕೆಲವೇ ಗಂಟೆಗಳಲ್ಲಿ, ಕೆಲವು ಅರ್ಧ ಗಂಟೆಯಲ್ಲಿಯೇ, ಇಮ್ಮಡಿಯಾಗುತ್ತವೆ. ಇವಕ್ಕೆ ಹಿತವಾದ ಬೆಚ್ಚನೆಯ ನೀರಿನಲ್ಲಿಯೂ ಅರ್ಧ ದಿನ, ಒಂದು ದಿನ, ಒಮ್ಮೊಮ್ಮೆ ಅದಕ್ಕೂ ಹೆಚ್ಚು ಬೇಕು. ಅಮೋನಿಯಾವನ್ನು ನೈಟ್ರೈಟು ಮಾಡುವ ಪಂಗಡ ಒಂದು, ನೈಟ್ರೈಟನ್ನು ನೈಟ್ರೇಟು ಮಾಡುವ ಪಂಗಡ ಇನ್ನೊಂದು ಎಂದು ವಿನೊಗ್ರಾಡ್ಸ್ಕಿ ಕಂಡಿದ್ದ. ನೂರು ವರ್ಷಕ್ಕೂ ಮೇಲೆ ಲೋಕ ಅದನ್ನೇ ಪಾಠ ಹೇಳಿತು. 2015ರಲ್ಲಿ ಎರಡು ಸಂಶೋಧಕ ತಂಡಗಳು, ಎರಡು ಕೆಲಸವನ್ನೂ ತಾನೊಂದೇ ಮಾಡಿ ಮುಗಿಸುವ ಜೀವಾಣುಗಳೂ ಉಂಟೆಂದು ತೋರಿಸಿ ಪಾಠವನ್ನು ತಿದ್ದಬೇಕಾಯಿತು.

ಇನ್ನು ವಿನೈಟ್ರೀಕರಣ ಮಾಡುವ ಜೀವಾಣುಗಳು. ಇವು ತಪಸ್ವಿಗಳಲ್ಲ, ಉಂಡು ಸುಖವಾಗಿ ಬಾಳುವ ಸಂಸಾರಿಗಳು. ಆಮ್ಲಜನಕ ಸಿಕ್ಕಿದರೆ ಅದನ್ನೇ ಉಸಿರಾಡುತ್ತವೆ. ಸಿಕ್ಕದಿದ್ದರೆ ನೈಟ್ರೇಟಿನಲ್ಲಿ ಕಟ್ಟಿಬಿದ್ದ ಆಮ್ಲಜನಕವನ್ನು ಕಿತ್ತುಕೊಳ್ಳುತ್ತವೆ, ಉಳಿದ ಸಾರಜನಕ ಗುಳ್ಳೆಯಾಗಿ ಗಾಳಿಗೆ ಏರುತ್ತದೆ. ಇದಕ್ಕೆ ಉಣ್ಣಲು ಇಂಗಾಲದ ಆಹಾರ ಬೇಕು. ಅಂದರೆ ಮೊದಲನೆಯ ಕೆಲಸಕ್ಕೆ ಗಾಳಿ ಬೇಕು, ಆಹಾರ ಬೇಡ. ಎರಡನೆಯದಕ್ಕೆ ಆಹಾರ ಬೇಕು, ಗಾಳಿ ಬೇಡ. ಅತ್ತೆ ಸೊಸೆಯರಂತೆ ಒಂದೇ ಮನೆಯಲ್ಲಿ ಇಬ್ಬರನ್ನೂ ಇರಿಸಿಕೊಳ್ಳಬೇಕಾದ ಸಂಕಟ ಎಂಜಿನಿಯರನದು.

ಆ ಮನೆಯಾದರೂ ಹೇಗೆ ಹುಟ್ಟಿತು? ಇಲ್ಲಿ ಬೆಂಗಳೂರಿನ ನಂಟು ಬರುತ್ತದೆ. 1912ರಲ್ಲಿ ಮ್ಯಾಂಚೆಸ್ಟರಿನ ಗಿಲ್ಬರ್ಟ್ ಫೌಲರ್ ಎಂಬ ರಸಾಯನಜ್ಞರು ಅಮೆರಿಕದ ಲಾರೆನ್ಸ್ ಎಂಬಲ್ಲಿಯ ಪ್ರಯೋಗಕೇಂದ್ರದಲ್ಲಿ ರೊಚ್ಚು ನೀರಿಗೆ ಗಾಳಿ ಹಾಯಿಸುವ ಪ್ರಯೋಗವನ್ನು ಕಂಡು ಬಂದು, ಊರಿನ ಆರ್ಡರ್ನ್ ಮತ್ತು ಲಾಕೆಟ್ ಎಂಬ ಇಬ್ಬರಿಗೆ ಅದನ್ನು ಮುಂದುವರಿಸುವಂತೆ ಸೂಚಿಸಿದರು. ಇವರು ಸೀಸೆಯಲ್ಲಿ ರೊಚ್ಚನ್ನು ತುಂಬಿ ಗಾಳಿ ಊದಿದರು. ಅಮೋನಿಯಾವೆಲ್ಲ ನೈಟ್ರೇಟಾಗಲು ಮೊದಲ ಸಲ ಸುಮಾರು ಐದು ವಾರ ಹಿಡಿಯಿತು. ಅಷ್ಟು ಕಾಯುವ ನಗರಸಭೆ ಯಾವುದು? ಆದರೆ ಇವರು ತಿಳಿನೀರನ್ನು ಮಾತ್ರ ಬಗ್ಗಿಸಿ, ತಳದಲ್ಲಿ ನಿಂತ ಕೆಸರನ್ನು ಹಾಗೆಯೇ ಉಳಿಸಿಕೊಂಡು, ಅದರ ಮೇಲೆ ಹೊಸ ರೊಚ್ಚನ್ನು ಸುರಿದರು. ಎರಡನೆಯ ಸಲ ಕಾಲ ಕಡಿಮೆಯಾಯಿತು. ಹೀಗೆಯೇ ಕೆಸರನ್ನು ಉಳಿಸುತ್ತ ಉಳಿಸುತ್ತ ಹೋದಂತೆ ಕೊನೆಗೆ ಒಂದು ದಿನದೊಳಗೆ ಕೆಲಸ ಮುಗಿಯಿತು. ಮನೆಯಲ್ಲಿ ಹಾಲಿಗೆ ಹೆಪ್ಪು ಉಳಿಸಿಕೊಳ್ಳುವ ಹೆಂಗಸರಿಗೆ ಇದರಲ್ಲಿ ಸೋಜಿಗವೇನೂ ಕಾಣದು. 1914ರ ಏಪ್ರಿಲ್‌ನಲ್ಲಿ ಅವರು ಈ ಫಲಿತವನ್ನು ಮ್ಯಾಂಚೆಸ್ಟರಿನ ಸಭೆಯಲ್ಲಿ ಓದಿದರು. ‘ಚುರುಕುಗೊಳಿಸಿದ ಕೆಸರು’ ಎಂಬ ಆ ವಿಧಾನವೇ ಇಂದಿಗೂ ಜಗತ್ತಿನ ದೊಡ್ಡ ನಗರಗಳ ಆಧಾರ.

ಫೌಲರರು 1916ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ಪ್ರಾಧ್ಯಾಪಕರಾಗಿ ಬಂದು ಅಲ್ಲಿ ಜೀವರಸಾಯನ ವಿಭಾಗಕ್ಕೆ ಬುನಾದಿ ಹಾಕಿದರು. ಸಾರಜನಕವನ್ನು ಪೋಲಾಗದಂತೆ ಕಾಪಾಡುವುದು ಹೇಗೆಂಬುದು ಇಲ್ಲಿ ಅವರ ಚಿಂತೆಯಾಗಿತ್ತು. 1934ರಲ್ಲಿ ಅದನ್ನೇ ಕುರಿತು ಪುಸ್ತಕವನ್ನೂ ಬರೆದರು. ಹಸಿದ ನೆಲದ ನಾಡಿನಲ್ಲಿ ಸಾರ ಹೊರಟುಹೋಗುವುದು ನಷ್ಟ; ಸಾರ ಮಿತಿಮೀರಿದ ಕಡಲಿನ ನಾಡಿನಲ್ಲಿ ಅದು ಹೋಗದಿರುವುದೇ ನಷ್ಟ. ವಿಧಾನ ಒಂದೇ, ಪ್ರಾರ್ಥನೆ ಬೇರೆ.

ಆ ಕಡಲು ಬಾಲ್ಟಿಕ್. ಸರಾಸರಿ ಆಳ 55 ಮೀಟರಿನ ಆಸುಪಾಸು. ಹೊರಗಿನ ಮಹಾಸಾಗರಕ್ಕೆ ಇಕ್ಕಟ್ಟಾದ ಜಲಸಂಧಿಗಳೇ ದಾರಿ. ಒಳಗಿನ ನೀರು ಹೊರಗಿನ ನೀರಿನೊಡನೆ ಬದಲಾಗಲು ಸುಮಾರು ಮೂವತ್ತು ವರ್ಷ ಬೇಕು. ಸುತ್ತಲಿನ ನಾಡುಗಳ ಹೊಲದ ಗೊಬ್ಬರ, ಊರಿನ ರೊಚ್ಚು ಎಲ್ಲವೂ ಬಂದು ನಿಲ್ಲುವ ಬಾವಿ ಅದು. ಸಾರ ಹೆಚ್ಚಾದಾಗ ಪಾಚಿ ಕಡಲಿನ ಮೇಲೆ ಹಸಿರು ಗಂಜಿಯಂತೆ ಹರಡುತ್ತದೆ. ಸತ್ತು ತಳಕ್ಕಿಳಿದು ಕೊಳೆಯುವಾಗ ಅಲ್ಲಿಯ ಆಮ್ಲಜನಕವನ್ನೆಲ್ಲ ಹೀರಿ, ಮೀನು ಬದುಕದ ಮರುಭೂಮಿಯನ್ನು ಉಂಟುಮಾಡುತ್ತದೆ. ಸಾರಜನಕ ಇಲ್ಲಿ ಲವಾಸಿಯೇ ಕೊಟ್ಟ ಹೆಸರಿಗೆ ಮರಳುತ್ತದೆ. ಫಿನ್ಲೆಂಡ್ ಕೊಲ್ಲಿಯಲ್ಲಿ 1997ರ ಬೇಸಗೆಯ ಪಾಚಿಯ ಹಾವಳಿಯನ್ನು ಅಲ್ಲಿಯ ಜನ ಇನ್ನೂ ಮರೆತಿಲ್ಲ.

ಈ ಕೊಲ್ಲಿಯ ದಂಡೆಯ ಹೆಲ್ಸಿಂಕಿ ನಗರ ವೀಕಿನ್‌ಮಾಕಿ ಎಂಬ ಗುಡ್ಡವನ್ನು ಕೊರೆದು, ಬಂಡೆಯ ಹೊಟ್ಟೆಯೊಳಗೆ ತನ್ನ ಸ್ಥಾವರವನ್ನು ಕಟ್ಟಿಕೊಂಡಿತು. ಅದು 1994ರಲ್ಲಿ ಕೆಲಸ ಮೊದಲುಮಾಡಿತು. ಮೇಲೆ ಮನೆಗಳಿವೆ, ಕೆಳಗೆ ಎಂಟು ಲಕ್ಷಕ್ಕೂ ಮೇಲ್ಪಟ್ಟ ಜನರ ರೊಚ್ಚು ಹರಿಯುತ್ತದೆ. ಒಬ್ಬ ಮನುಷ್ಯನಿಂದ ದಿನಕ್ಕೆ ಸುಮಾರು 12 ಗ್ರಾಂ ಸಾರಜನಕವೆಂದು ಯುರೋಪಿನವರ ಲೆಕ್ಕ. ಹೆಚ್ಚು ಪಾಲು ಮೂತ್ರದ ಮೂಲಕ ಬರತಕ್ಕದ್ದು. ಗುಣಿಸಿದರೆ ದಿನಕ್ಕೆ ಹತ್ತು ಟನ್ನಿನಷ್ಟಾಯಿತು. ಉಣ್ಣುವಾಗ ಬೇಳೆ, ಮೀನು, ಮಾಂಸವಾಗಿದ್ದ ಆ ಸಾರವನ್ನೆಲ್ಲ ದಿನವೂ ಗಾಳಿಗೆ ಕಳಿಸಿಕೊಡಬೇಕು.

ಅತ್ತೆ ಸೊಸೆಯರ ಸಂಕಟಕ್ಕೆ ಕಂಡುಕೊಂಡ ಪರಿಹಾರ ಬಲು ಜಾಣತನದ್ದು. ಗಾಳಿಯ ಕೋಣೆಯಲ್ಲಿ ನೈಟ್ರೇಟಾಗಿ, ಆಮೇಲೆ ಗಾಳಿಯಿಲ್ಲದ ಕೋಣೆಯಲ್ಲಿ ಬಿಡುಗಡೆ, ಇದು ಸಹಜವಾದ ಕ್ರಮ. ಆದರೆ ಎರಡನೆಯ ಕೋಣೆಗೆ ಬರುವ ಹೊತ್ತಿಗೆ ರೊಚ್ಚಿನ ಆಹಾರವೆಲ್ಲ ತೀರಿರುತ್ತದೆ. 1962ರಲ್ಲಿ ಅಮೆರಿಕದ ಲುಡ್‌ಜಾಕ್ ಮತ್ತು ಎಟಿಂಗರ್ ಕೋಣೆಗಳನ್ನು ತಿರುಗುಮುರುಗು ಮಾಡಿದರು: ಗಾಳಿಯಿಲ್ಲದ ಕೋಣೆ ಮುಂದೆ, ಗಾಳಿಯ ಕೋಣೆ ಹಿಂದೆ. ಹಿಂದಿನ ಕೋಣೆಯ ನೈಟ್ರೇಟು ತುಂಬಿದ ನೀರು ಮುಂದಿನ ಕೋಣೆಗೆ ಮರಳುತ್ತದೆ. ಅಲ್ಲಿ ಆಗತಾನೆ ಬಂದ ಹೊಸ ರೊಚ್ಚೇ ಊಟ. ಆಮೇಲೆ ದಕ್ಷಿಣ ಆಫ್ರಿಕದ ಜೇಮ್ಸ್ ಬಾರ್ನಾರ್ಡ್ 1970ರ ದಶಕದಲ್ಲಿ ಈ ಮರುಹರಿವನ್ನು ನೆಟ್ಟಗೆ ಮಾಡಿ ಬಳಕೆಗೆ ತಂದರು. ಒಂದು ಗ್ರಾಂ ಅಮೋನಿಯಾ ಸಾರಜನಕವನ್ನು ನೈಟ್ರೇಟು ಮಾಡಲು 4.57 ಗ್ರಾಂ ಆಮ್ಲಜನಕ ಖರ್ಚು. ಅದನ್ನು ಊದುವ ಯಂತ್ರಗಳ ವಿದ್ಯುತ್ತೇ ಸ್ಥಾವರದ ದೊಡ್ಡ ಬಾಬ್ತು. ವಿನೈಟ್ರೀಕರಣದಲ್ಲಿ ಗ್ರಾಮಿಗೆ 2.86 ಗ್ರಾಮಿನಷ್ಟು ಹಿಂದಕ್ಕೆ ಸಿಕ್ಕಂತಾಗುತ್ತದೆ. ಕೊಟ್ಟ ಸಾಲದಲ್ಲಿ ಐದರಲ್ಲಿ ಮೂರು ಪಾಲು ವಸೂಲು.

ಇಷ್ಟೆಲ್ಲ ಸರಿ; ಇನ್ನು ಚಳಿ. ನೀರು ತಣ್ಣಗಾದಂತೆ ಎಲ್ಲ ಜೀವಾಣುಗಳೂ ಜಡವಾಗುತ್ತವೆ. ಆದರೆ ನಮ್ಮ ವಾಯುಭಕ್ಷರು ಎಲ್ಲರಿಗಿಂತ ಹೆಚ್ಚು ಕುಗ್ಗುತ್ತವೆ. ಸುಮಾರು ಏಳು ಡಿಗ್ರಿ ಇಳಿದರೆ ಅವುಗಳ ಬೆಳವಣಿಗೆಯ ವೇಗ ಅರ್ಧವಾಗುತ್ತದೆ. ನಿಧಾನವಾದರೆ ಏನಾಯಿತು, ತುಸು ತಡವಾಗಿ ಮಾಡಲಿ ಎನ್ನುವಂತಿಲ್ಲ. ಏಕೆಂದರೆ ಕೆಸರನ್ನು ಶಾಶ್ವತವಾಗಿ ಉಳಿಸಿಕೊಳ್ಳಲಾಗದು. ದಿನವೂ ಹೊಸ ಕೆಸರು ಹುಟ್ಟುತ್ತದೆ, ದಿನವೂ ಒಂದಿಷ್ಟನ್ನು ಹೊರಗೆ ತೆಗೆಯಬೇಕು. ಕೆಸರಿನ ಕಣವೊಂದು ಸರಾಸರಿ ಎಷ್ಟು ದಿನ ಒಳಗೆ ನಿಲ್ಲುತ್ತದೆ ಎಂಬುದನ್ನು ಎಂಜಿನಿಯರರು ಕೆಸರಿನ ವಯಸ್ಸು ಎನ್ನುತ್ತಾರೆ. ಜೀವಾಣು ಒಂದು ಎರಡಾಗುವುದರೊಳಗಾಗಿ ಒಂದು ಹೊರಗೆ ಹೋಗಿದ್ದರೆ ವಂಶ ಉಳಿಯುವುದು ಹೇಗೆ? ಸಾವಿಲ್ಲದೆ, ರೋಗವಿಲ್ಲದೆ, ಬರಿದೆ ತೊಳೆದುಹೋಗಿ ನಿರ್ವಂಶವಾಗುತ್ತವೆ. ಜರ್ಮನರ ವಿನ್ಯಾಸ ನಿಯಮದ ಪ್ರಕಾರ 20 ಡಿಗ್ರಿಯ ನೀರಿನಲ್ಲಿ ಗಾಳಿಯ ಕೋಣೆಯ ಕೆಸರಿಗೆ ಮೂರು ನಾಲ್ಕು ದಿನದ ವಯಸ್ಸು ಸಾಕು. 10 ಡಿಗ್ರಿಯಲ್ಲಿ ಎಂಟರಿಂದ ಹತ್ತು ದಿನ ಬೇಕು. ವಯಸ್ಸು ಹೆಚ್ಚಬೇಕಾದರೆ ಒಳಗೆ ಹೆಚ್ಚು ಕೆಸರು ನಿಲ್ಲಬೇಕು, ಅದಕ್ಕೆ ಎರಡೂವರೆ ಪಟ್ಟು ದೊಡ್ಡ ತೊಟ್ಟಿ ಬೇಕು. ಬಂಡೆಯನ್ನು ಕೊರೆದು ಕಟ್ಟುವವರಿಗೆ ಒಂದೊಂದು ದಿನದ ವಯಸ್ಸೂ ಎಷ್ಟು ದುಬಾರಿಯೆಂದು ಹೇಳಬೇಕಾಗಿಲ್ಲ.

ನಡುಚಳಿಗಾಲ ಕಷ್ಟದ ಕಾಲವೆಂದು ನಾವು ಊಹಿಸಬಹುದು. ಹೊರಗೆ ಹಿಮ ಗಟ್ಟಿಯಾಗಿ ಬಿದ್ದಿರುವಾಗ ಚರಂಡಿಗೆ ಬರುವುದು ಮನೆಗಳ ಬಚ್ಚಲಿನ ಬೆಚ್ಚನೆಯ ನೀರು ಮಾತ್ರ. ಜೀವಾಣುಗಳು ಹೇಗೋ ತಡೆದುಕೊಳ್ಳುತ್ತವೆ. ನಿಜವಾದ ಗಂಡಾಂತರ ಬರುವುದು ವಸಂತದಲ್ಲಿ. ಕವಿಗಳು ಹಾಡುವ ವಸಂತ ಅಲ್ಲಿ ಎಂಜಿನಿಯರನ ನಿದ್ದೆಗೆಡಿಸುತ್ತದೆ. ಬೀದಿಯ ಹಿಮ ಕರಗಿ, ಸೊನ್ನೆ ಡಿಗ್ರಿಗೆ ತುಸುವೇ ಮೇಲಿನ ನೀರು ಹಳೆಯ ಚರಂಡಿಗಳಿಗೆ ನುಗ್ಗುತ್ತದೆ. ರೊಚ್ಚಿನ ಉಷ್ಣತೆ 10 ಡಿಗ್ರಿಗಿಂತ ಕೆಳಕ್ಕೆ ಕುಸಿಯುತ್ತದೆ. ಅದೇ ದಿನ ಹರಿವು ಎರಡು ಮೂರು ಪಟ್ಟಾಗುತ್ತದೆ. ಕೆಲಸಗಾರರು ಮರಗಟ್ಟಿರುವ ದಿನವೇ ಕೆಲಸ ಹೆಚ್ಚಿತು. ತಣ್ಣೀರು ಗಡುಸು, 5 ಡಿಗ್ರಿಯ ನೀರು 20 ಡಿಗ್ರಿಯದಕ್ಕಿಂತ ಒಂದೂವರೆ ಪಟ್ಟು ಹೆಚ್ಚು ಜಿಗುಟು. ಆದಕಾರಣ ಕೆಸರು ತಳಕ್ಕಿಳಿಯಲು ಹೆಚ್ಚು ಹೊತ್ತು ಬೇಕು, ಹೊತ್ತೋ ಇಲ್ಲ, ಇಳಿಯದ ಕೆಸರು ತಿಳಿನೀರಿನೊಡನೆ ಹೊರಗೆ ಹೋಗುತ್ತದೆ. ಇನ್ನೊಂದು ವಿಚಿತ್ರ ನೋಡಿ: ಸೊನ್ನೆ ಡಿಗ್ರಿಯ ನೀರು ಲೀಟರಿಗೆ 14.6 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲುದು, 20 ಡಿಗ್ರಿಯದು 9.1. ವಾಯುಭಕ್ಷರಿಗೆ ಇದು ಉಪಕಾರವೇನೋ ಸರಿ. ಆದರೆ ಆ ಆಮ್ಲಜನಕ ಮೊದಲು ಹೊಕ್ಕುವುದು ಗಾಳಿಯೇ ಇರಬಾರದ ಮುಂದಿನ ಕೋಣೆಯನ್ನು. ಅಲ್ಲಿಯ ಸಂಸಾರಿಗಳು ಸುಲಭದ ಉಸಿರು ಸಿಕ್ಕಿದೊಡನೆ ನೈಟ್ರೇಟನ್ನು ಬಿಟ್ಟು ಅದರ ಕಡೆ ತಿರುಗುತ್ತವೆ. ಆಹಾರವೂ ಹಿಮನೀರಿನಲ್ಲಿ ಕದಡಿ ತೆಳುವಾಗಿರುತ್ತದೆ. ಹೀಗೆ ಒಂದು ವಾರದ ಹಿಮಗರಗುವಿಕೆಯಲ್ಲಿ ತೊಳೆದುಹೋದ ನೈಟ್ರೀಕರಣ ಮರಳಿ ನೆಲೆಗೊಳ್ಳಲು ಹಲವು ವಾರ ಹಿಡಿದೀತು. ಷ್ಲೋಸಿಂಗನ ಕೊಳವೆಯ ಇಪ್ಪತ್ತು ದಿನ ಇಲ್ಲಿ ಮತ್ತೆ ಬಂತು.

ವೀಕಿನ್‌ಮಾಕಿಯವರು ಇದಕ್ಕೆ ಮಾಡಿದ್ದೇನೆಂದರೆ, ಕೋಣೆಗಳನ್ನು ಕಾಲಕ್ಕೆ ತಕ್ಕಂತೆ ಹಂಚಿಕೊಳ್ಳುವುದು. ಬೇಸಗೆಯಲ್ಲಿ ಗಾಳಿಯಿಲ್ಲದೆ ಬಿಡುವ ಕೆಲವು ಭಾಗಗಳಿಗೆ ಚಳಿಯಲ್ಲಿ ಗಾಳಿ ಊದಿ, ನೈಟ್ರೀಕರಣಕ್ಕೆ ಹೆಚ್ಚು ಸ್ಥಳ ಕೊಡುತ್ತಾರೆ. ಹಾಗೆ ಕೊಟ್ಟ ಮೇಲೆ ವಿನೈಟ್ರೀಕರಣಕ್ಕೆ ಇಕ್ಕಟ್ಟಾಯಿತಲ್ಲ? ಅದಕ್ಕಾಗಿ 2004ರಲ್ಲಿ ಕೊನೆಯಲ್ಲೊಂದು ಶೋಧಕವನ್ನು ಕಟ್ಟಿದರು. ಅದರ ಕಣಗಳ ಮೇಲೆ ನೆಲೆನಿಂತ ಜೀವಾಣುಗಳಿಗೆ ಆಹಾರವಾಗಿ ಮೆಥನಾಲನ್ನು ಹನಿಸುತ್ತಾರೆ. ನಮ್ಮಲ್ಲಿ ಕಳ್ಳಭಟ್ಟಿಯಲ್ಲಿ ಬೆರೆತು ಕಣ್ಣನ್ನೂ ಪ್ರಾಣವನ್ನೂ ಕಳೆಯುವ ಅದೇ ವಿಷ. ಆ ಜೀವಾಣುಗಳಿಗೆ ಅದೇ ಪಾಯಸ. ಈಗ ಅಲ್ಲಿ ಬಂದ ಸಾರಜನಕದಲ್ಲಿ ನೂರಕ್ಕೆ ತೊಂಬತ್ತರಷ್ಟು ಗಾಳಿಗೆ ಸೇರುತ್ತದೆ. ಶುದ್ಧವಾದ ನೀರು ಸುಮಾರು 16 ಕಿಲೋಮೀಟರು ಉದ್ದದ ಬಂಡೆಯ ಸುರಂಗದಲ್ಲಿ ಹರಿದು, ದಂಡೆಯಿಂದ ದೂರ ಕಡಲನ್ನು ಸೇರುತ್ತದೆ.

ನಾರ್ವೆಯವರ ದಾರಿ ಬೇರೆ. ತೊಟ್ಟಿಯನ್ನು ದೊಡ್ಡದು ಮಾಡುವ ಬದಲು, ತೊಳೆದುಹೋಗದಂತೆ ಜೀವಾಣುವಿಗೆ ಒಂದೊಂದು ಮನೆಯನ್ನೇ ಕಟ್ಟಿಕೊಟ್ಟರೆ ಹೇಗೆ? 1987ರಲ್ಲಿ ಉತ್ತರ ಸಮುದ್ರದ ಸುತ್ತಣ ದೇಶಗಳು ಕಡಲಿಗೆ ಸೇರುವ ಸಾರವನ್ನು ಅರ್ಧಕ್ಕಿಳಿಸುವುದಾಗಿ ಮಾತುಕೊಟ್ಟ ಮೇಲೆ, ಟ್ರಾಂಡ್‌ಹೈಮಿನ ಪ್ರಾಧ್ಯಾಪಕ ಹಾಲ್‌ವರ್ಡ್ ಅದೆಗಾರ್ಡ್ ಮತ್ತು ಕಾಲ್ಡ್‌ನೆಸ್ ಎಂಬ ಕಂಪೆನಿಯವರು ಸೇರಿ ಪ್ಲಾಸ್ಟಿಕ್ಕಿನ ಪುಟ್ಟ ಗಾಲಿಗಳನ್ನು ಮಾಡಿದರು. ಸುಮಾರು 9 ಮಿಲಿಮೀಟರು ಅಗಲ, 7 ಮಿಲಿಮೀಟರು ಉದ್ದ. ಒಳಗೆ ಅಡ್ಡಉದ್ದದ ಗೋಡೆ. ನೀರಿಗಿಂತ ಸ್ವಲ್ಪವೇ ಹಗುರ. ಇಂಥ ಗಾಲಿಗಳನ್ನು ತೊಟ್ಟಿಯ ಮೂರರಲ್ಲಿ ಎರಡು ಪಾಲಿನವರೆಗೆ ಸುರಿದು ಗಾಳಿ ಊದಿದರೆ ಅವು ಕುದಿಯುವ ಅನ್ನದ ಅಗುಳಿನಂತೆ ಮೇಲೆ ಕೆಳಗೆ ಸುತ್ತುತ್ತವೆ. ಒಂದು ಘನ ಮೀಟರು ಗಾಲಿಗಳಲ್ಲಿ 500 ಚದರ ಮೀಟರು ಆಶ್ರಯ. ಒಳಗೋಡೆಗೆ ಅಂಟಿಕೊಂಡ ತಪಸ್ವಿಗಳು ಎಷ್ಟು ಹಿಮನೀರು ನುಗ್ಗಿದರೂ ಕದಲವು; ಗಾಲಿ ಹೊರಗೆ ಹೋಗದಂತೆ ಬಾಗಿಲಿನಲ್ಲಿ ಜರಡಿಯಿದೆ. ಚಳಿಗಾಲದ ಒಲಿಂಪಿಕ್ಸ್ ನಡೆದ 1994ರಲ್ಲಿಯೇ ಲಿಲ್ಲೆಹ್ಯಾಮರ್ ಊರಿನಲ್ಲಿ ಈ ವಿಧಾನದ ಸ್ಥಾವರ ಕೆಲಸ ಮೊದಲುಮಾಡಿತು. ಜಗತ್ತು ಹಿಮದ ಮೇಲೆ ಜಾರುವವರ ವೇಗವನ್ನು ನೋಡುತ್ತಿದ್ದಾಗ, ಅದೇ ಊರಿನಲ್ಲಿ ಇವು ಕದಲದೆ ಕೂತು ಕೆಲಸ ಮಾಡುವ ವಿದ್ಯೆಯನ್ನು ಕಲಿಯುತ್ತಿದ್ದವು. ನನಗೆ ಎರಡನೆಯದೇ ಹೆಚ್ಚಿನ ಸಾಹಸವಾಗಿ ಕಾಣುತ್ತದೆ. ಮೂಲದಲ್ಲಿ ಇದು ಮ್ಯಾಂಚೆಸ್ಟರಿನ ಹೆಪ್ಪಿನ ಉಪಾಯವೇ: ಜೀವಾಣುವನ್ನು ಅವಸರಪಡಿಸಲು ಯಾರಿಂದಲೂ ಸಾಧ್ಯವಾಗಿಲ್ಲ, ಹೋಗದಂತೆ ಉಳಿಸಿಕೊಳ್ಳುವುದು ಮಾತ್ರ ಸಾಧ್ಯವಾಗಿದೆ.

ಕಾನೂನು ಕೂಡ ಈ ಜೀವಾಣುವಿನ ಸ್ವಭಾವಕ್ಕೆ ತಲೆಬಾಗಿದೆ. ಯುರೋಪಿನ ಒಕ್ಕೂಟ 1991ರಲ್ಲಿ ಮಾಡಿದ ನಿಯಮದಲ್ಲಿ ಲಕ್ಷಕ್ಕೆ ಮೇಲ್ಪಟ್ಟ ಜನರ ರೊಚ್ಚಿಗೆ ಲೀಟರಿಗೆ 10 ಮಿಲಿಗ್ರಾಂ ಸಾರಜನಕದ ಮಿತಿಯನ್ನು ಹಾಕಿ, ಕೆಳಗೆ ಸಣ್ಣಕ್ಷರದಲ್ಲಿ ನೀರು 12 ಡಿಗ್ರಿಗೆ ಕಡಿಮೆಯಿಲ್ಲದಾಗ ಎಂದು ಸೇರಿಸಿದರು. ಕಡಲಿಗೆ ಆ ಅಡಿಟಿಪ್ಪಣಿ ತಿಳಿಯದೆಂಬುದು ಬೇರೆ ಮಾತು. 2024ರಲ್ಲಿ ಆ ನಿಯಮವನ್ನು ಪರಿಷ್ಕರಿಸಿ ಮಿತಿಗಳನ್ನು ಬಿಗಿಗೊಳಿಸಿದ್ದಾರೆ.

ಇಷ್ಟು ಕಷ್ಟಪಡುವುದು ಬೇಕೆ ಎಂದು ಕೇಳುವವರು ಅಲ್ಲಿಯೂ ಇದ್ದಾರೆ. ಅವರ ಮಾತು ಸುಮ್ಮನೆ ತಳ್ಳಿಹಾಕುವಂಥದಲ್ಲ. ಬಾಲ್ಟಿಕ್‌ನ ನೀಲಹಸಿರು ಪಾಚಿಗಳಲ್ಲಿ ಕೆಲವು ಗಾಳಿಯ ಸಾರಜನಕವನ್ನೇ ಹಿಡಿದುಕೊಳ್ಳಬಲ್ಲವು. ರೊಚ್ಚಿನಿಂದ ಕಳೆದದ್ದನ್ನು ಅವು ಗಾಳಿಯಿಂದ ತುಂಬಿಕೊಂಡರೆ ಪ್ರಯೋಜನವೇನು, ರಂಜಕವೊಂದನ್ನು ತಡೆದರೆ ಸಾಲದೆ ಎಂಬುದು ಒಂದು ಪಕ್ಷ. ದಂಡೆಯ ಬಳಿ, ಅದರಲ್ಲಿಯೂ ವಸಂತದಲ್ಲಿ, ಪಾಚಿಯನ್ನು ಬೆಳೆಸುವುದು ಸಾರಜನಕವೇ ಎಂಬುದು ಇನ್ನೊಂದು ಪಕ್ಷ. ಪಕ್ಕದ ಸೇಂಟ್ ಪೀಟರ್ಸ್‌ಬರ್ಗ್ ಮಹಾನಗರದ ರೊಚ್ಚಿನಲ್ಲಿ ದೊಡ್ಡ ಪಾಲು ಸಂಸ್ಕಾರವಿಲ್ಲದೆ ಅದೇ ಕೊಲ್ಲಿಗೆ ಬೀಳುತ್ತಿದ್ದ ವರ್ಷಗಳಲ್ಲಿ, ಹೆಲ್ಸಿಂಕಿಯವರು ಕೊನೆಯ ಗ್ರಾಮಿಗೆ ಹಣ ಸುರಿಯುವುದಕ್ಕಿಂತ ಅಲ್ಲಿ ಮೊದಲ ಟನ್ನನ್ನು ತಡೆಯುವುದು ಲೇಸೆಂದು ಹೇಳಿದವರ ಮಾತಿನಲ್ಲಿ ನ್ಯಾಯವಿತ್ತು. 2005ರಲ್ಲಿ ನೆರೆಯ ದೇಶಗಳ ನೆರವಿನಿಂದ ಅಲ್ಲಿಯ ನೈರುತ್ಯ ಸ್ಥಾವರ ತೆರೆದ ಮೇಲೆ ಆ ವಾದದ ಬಿಸಿ ತಗ್ಗಿತು. ನಾರ್ವೆಯ ಓಸ್ಲೋ ಕಡಲತೋಳಿನಲ್ಲಿ ಕಾಡ್ ಮೀನು ಅಪರೂಪವಾಗಿ, ಸುತ್ತಲಿನ ಊರುಗಳೂ ಸಾರಜನಕವನ್ನು ತೆಗೆಯಲೇಬೇಕೆಂದು ಸರ್ಕಾರ ಈಚಿನ ವರ್ಷಗಳಲ್ಲಿ ಒತ್ತಾಯಿಸಿದಾಗ, ಖರ್ಚನ್ನು ಹೊರುವವರಾರೆಂಬ ಜಗಳ ಹೊಸದಾಗಿ ಎದ್ದಿತು. ಮೀನು ಹೋದ ಮೇಲೆ ಲೆಕ್ಕಪತ್ರ ನೋಡುವುದಕ್ಕಿಂತ ಮುಂಚೆ ನೋಡುವುದು ಮೇಲೆಂದು ನನ್ನ ಎಣಿಕೆ. ನಮ್ಮ ಬೆಳ್ಳಂದೂರು ಕೆರೆಯ ನೊರೆಯನ್ನೂ ಬೆಂಕಿಯನ್ನೂ ಪತ್ರಿಕೆಗಳಲ್ಲಿ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೆಂಗಳೂರಿನ ರೊಚ್ಚು ವರ್ಷವಿಡೀ ಜೀವಾಣುಗಳಿಗೆ ಹಿತವಾದ ಬೆಚ್ಚಗಿನದು. ನಮಗೆ ಚಳಿಯ ನೆಪವೂ ಇಲ್ಲ.

ಚಳಿನಾಡಿನವರನ್ನು ಈಗ ಕಾಡುತ್ತಿರುವ ಚಿಂತೆ ಮತ್ತೊಂದು. ನೈಟ್ರೇಟಿನಿಂದ ಗಾಳಿಗೆ ಹೋಗುವ ದಾರಿಯಲ್ಲಿ ನೈಟ್ರಸ್ ಆಕ್ಸೈಡ್ ಎಂಬ ತಂಗುದಾಣವಿದೆ. ಹಲ್ಲು ಕೀಳುವಾಗ ವೈದ್ಯರು ಬಳಸುತ್ತಿದ್ದ ನಗೆಯನಿಲವೇ ಅದು. ಭೂಮಿಯನ್ನು ಕಾಯಿಸುವುದರಲ್ಲಿ ಅದು ತೂಕಕ್ಕೆ ತೂಕ ಇಂಗಾಲಾಮ್ಲಕ್ಕಿಂತ ಸುಮಾರು 270 ಪಟ್ಟು ಬಲವುಳ್ಳದ್ದು. ಬಯಲಿನ ತೊಟ್ಟಿಗಳಿಂದ ಅದು ಎಷ್ಟು ಹೋಗುತ್ತದೆಂದು ಅಳೆಯುವುದು ಕಷ್ಟ. ವೀಕಿನ್‌ಮಾಕಿ ಬಂಡೆಯೊಳಗಿರುವುದರಿಂದ ಅದರ ಉಸಿರೆಲ್ಲ ಒಂದೇ ಕೊಳವೆಯಲ್ಲಿ ಹೊರಬೀಳುತ್ತದೆ. 2012ರಿಂದ ಅದನ್ನು ಎಡೆಬಿಡದೆ ಅಳೆದು ನೋಡಿದರು. ಬಂದ ಸಾರಜನಕದಲ್ಲಿ ನೂರಕ್ಕೆ ಎರಡರ ಸಮೀಪ ಈ ರೂಪದಲ್ಲಿ ತಪ್ಪಿಸಿಕೊಳ್ಳುತ್ತಿತ್ತು. ಕಡಲನ್ನು ಕಾಯಲು ಹೋಗಿ ಆಕಾಶಕ್ಕೆ ಹೊರೆ ಹೊರಿಸಿದಂತಾಯಿತಲ್ಲ ಎಂದು ಅವರು ಈಗ ಗಾಳಿಯ ಹದವನ್ನು ಮತ್ತೆ ತಿದ್ದುತ್ತಿದ್ದಾರೆ.

ಅಮೋನಿಯಾವನ್ನೂ ನೈಟ್ರೈಟನ್ನೂ ನೇರವಾಗಿ ಕೂಡಿಸಿ, ಮೆಥನಾಲಿನ ಹಂಗಿಲ್ಲದೆ ಸಾರಜನಕವಾಗಿಸುವ ಇನ್ನೊಂದು ಜಾತಿಯ ಜೀವಾಣುವನ್ನು 1990ರ ದಶಕದಲ್ಲಿ ಹಾಲೆಂಡಿನವರು ಕಂಡುಹಿಡಿದರು. ಅದಕ್ಕೆ ಸುಮಾರು 30 ಡಿಗ್ರಿಯ ಬೆಚ್ಚಗಿನ ನೀರು ಇಷ್ಟ; ಕೆಸರನ್ನು ಹುಳಿಯಿಸುವ ಕಡಾಯಿಗಳಿಂದ ಹಿಂಡಿ ತೆಗೆದ ನೀರಿನಲ್ಲಿ ಸೊಗಸಾಗಿ ದುಡಿಯುತ್ತದೆ. ಅದನ್ನು ತಣ್ಣನೆಯ ಮುಖ್ಯ ಪ್ರವಾಹದಲ್ಲಿ ಬದುಕಿಸುವ ಪ್ರಯತ್ನಗಳು ಇನ್ನೂ ಪ್ರಯೋಗದ ಮೆಟ್ಟಿಲಿನಲ್ಲಿಯೇ ಇವೆ.

ಅದೇ ಹಿಂಡಿದ ನೀರಿಗೆ ಓಸ್ಲೋ ಬಳಿಯ ವೇಯಾಸ್ ಸ್ಥಾವರದವರು ಬೇರೆ ಉಪಯೋಗವನ್ನು ಕಂಡುಕೊಂಡರು. ಅದರೊಳಗಿನ ಅಮೋನಿಯಾವನ್ನು ಗಾಳಿಯಿಂದ ಎಬ್ಬಿಸಿ, ನೈಟ್ರಿಕ್ ಆಮ್ಲದಲ್ಲಿ ಹಿಡಿದು, ಅಮೋನಿಯಂ ನೈಟ್ರೇಟ್ ಗೊಬ್ಬರವನ್ನಾಗಿ ಮಾಡಿದರು. ಅಷ್ಟರ ಮಟ್ಟಿಗೆ ಜೀವಾಣುಗಳ ಹೊರೆಯೂ ಇಳಿಯಿತು. ಗಾಳಿಯ ಸಾರಜನಕವನ್ನು ವಿದ್ಯುತ್ತಿನ ಜ್ವಾಲೆಯಲ್ಲಿ ಸುಟ್ಟು ಗೊಬ್ಬರ ಮಾಡುವ ಉಪಾಯವನ್ನು 1903ರಲ್ಲಿ ಬಿರ್ಕೆಲಾಂಡ್ ಮತ್ತು ಐಡೆ ಎಂಬಿಬ್ಬರು ಕಂಡದ್ದು ಇದೇ ನಾರ್ವೆಯಲ್ಲಿ. 1905ರಿಂದ ಅದು ‘ನಾರ್ವೆಯ ಪೆಟ್ಲುಪ್ಪು’ ಎಂಬ ಹೆಸರಿನಲ್ಲಿ ದೇಶದೇಶಗಳಿಗೆ ಹೋಯಿತು. ಜಲಪಾತಗಳ ಶಕ್ತಿಯಿಂದ ಗಾಳಿಯಿಂದ ಕಿತ್ತುತಂದ ಸಾರವನ್ನು, ನೂರು ವರ್ಷಗಳ ಮೇಲೆ ಅದೇ ಜಲಪಾತಗಳ ವಿದ್ಯುತ್ತಿನಿಂದ ತೊಟ್ಟಿಗಳಿಗೆ ಗಾಳಿ ಊದಿ, ಅವರು ಗಾಳಿಗೆ ಹಿಂದಕ್ಕೆ ಕಳಿಸುತ್ತಿದ್ದಾರೆ. ಹಿಂಡಿದ ನೀರಿನಲ್ಲಿ ಸಿಕ್ಕಷ್ಟನ್ನು ಮಾತ್ರ ಹೊಲಕ್ಕೆ ಉಳಿಸಿಕೊಂಡು.